ಮಗನ ತೂಕ ಜಾಸ್ತಿ ಅಂತ ಡಾಕ್ಟರು, ಸೊರಗಿದ್ದಾನೆ ಅಂತ ಅತ್ತೆ. ಯಾರ ಮಾತು ಕೇಳೋದು?

ಗೋಣಿಕೊಪ್ಪ_ಅಮ್ಮ
ಎಲ್ಲರಿಗೂ ನಮಸ್ಕಾರ. ಮಗನಿಗೆ ನಾಲ್ಕೂವರೆ ವರ್ಷ. ಕೆಮ್ಮು ಬಿಡ್ತಾ ಇಲ್ಲ ಅಂತ ಮಕ್ಕಳ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಅವರು ಮದ್ದು ಬರೆಯೋ ಮೊದ್ಲು ತೂಕ ನೋಡಿದ್ರು, ಗೋಡೆಗೆ ನಿಲ್ಲಿಸಿ ಎತ್ತರ ನೋಡಿದ್ರು. 20.5 ಕೆಜಿ, 104 ಸೆಂ.ಮೀ. ಕಂಪ್ಯೂಟರಿನಲ್ಲಿ ಏನೋ ಗೆರೆ ತೋರಿಸಿ "ಎತ್ತರಕ್ಕೆ ತೂಕ ಹೆಚ್ಚಾಯ್ತಮ್ಮ, ಅಭ್ಯಾಸ ಈಗಲೇ ಸರಿ ಮಾಡಿ" ಅಂದ್ರು.

ಮನೇಲಿ ಹೇಳಿದ್ದೇ ತಡ, ಅತ್ತೆಗೆ ಕೆಂಡದಂಥ ಕೋಪ. "ನನ್ನ ಮೊಮ್ಮಗ ಸೊರಗಿ ಹೋಗಿದ್ದಾನೆ, ಆ ಡಾಕ್ಟ್ರ ಕಣ್ಣೇ ಬಿತ್ತು" ಅಂತ ಅವತ್ತು ಸಂಜೆಯೇ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದ್ರು. ನಮ್ಮವರು "ನಾನೂ ಸಣ್ಣಕ್ಕಿರುವಾಗ ಹಾಗೇ ಇದ್ದೆ" ಅಂತ ಮುಗಿಸಿಬಿಟ್ರು. ನನ್ನ ಕಣ್ಣಿಗೂ ಅವನು ದಪ್ಪ ಅಂತ ಕಾಣಲ್ಲ, ಕೆನ್ನೆ ತುಂಬಿದೆ ಅಷ್ಟೆ. ನಿಮ್ಮ ಮಕ್ಕಳು ಈ ವಯಸ್ಸಿಗೆ ಎಷ್ಟು ತೂಕ ಇದ್ರು? ಇದಕ್ಕೆ ತಲೆ ಕೆಡಿಸಿಕೊಳ್ಬೇಕಾ?

ಸುಂಟಿಕೊಪ್ಪ_ಅಪ್ಪ
ಬೇಡ ಬಿಡಿ. ನನ್ನ ಮಗನಿಗೆ ಐದು, 21 ಕೆಜಿ ಇದ್ದಾನೆ. ಯಾರೂ ಏನೂ ಹೇಳಿಲ್ಲ.

ಪುತ್ತರಿ_ಹುಡುಗಿ
ಸ್ಕೂಲಿಗೆ ಹೋಗೋಕೆ ಶುರು ಮಾಡಿದ್ರೆ ತಾನೇ ಇಳಿಯುತ್ತೆ ಅಕ್ಕ. ನಮ್ಮ ಮನೇಲಿ ಎಲ್ಲ ಮಕ್ಕಳೂ ಹಾಗೇ.

ಮಡಿಕೇರಿ_ಸಿಸ್ಟರ್
ಸುಂಟಿಕೊಪ್ಪದವರೇ, ನಿಮ್ಮ ಮಗನ ಎತ್ತರ ಎಷ್ಟು?

ಸುಂಟಿಕೊಪ್ಪ_ಅಪ್ಪ
114. ಉದ್ದ ಇದ್ದಾನೆ, ನನ್ನ ಹಾಗೆ.

ಮಡಿಕೇರಿ_ಸಿಸ್ಟರ್
ಅದೇ ವ್ಯತ್ಯಾಸ. 114ಕ್ಕೆ 21 ಕೆಜಿ ಅಂದ್ರೆ ಯಾವ ತೊಂದರೆಯೂ ಇಲ್ಲ. 104ಕ್ಕೆ 20.5 ಅಂದ್ರೆ ಬೇರೆ ಲೆಕ್ಕ. ನಾವು ಊರಿನವರು ತೂಕ ಮಾತ್ರ ಕೇಳ್ತೀವಿ, ಎತ್ತರ ಕೇಳೋದೇ ಇಲ್ಲ. ಐದು ವರ್ಷದ ಕೆಳಗಿನ ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕ ಅಂತ ಒಂದು ಚಾರ್ಟ್ ಇದೆ, ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಾಡಿದ್ದು. ನಡುವಿನ ಗೆರೆಯಿಂದ ಮೇಲಕ್ಕೆ ಎರಡನೇ ಗೆರೆ ದಾಟಿದ್ರೆ ಹೆಚ್ಚು ತೂಕ, ಮೂರನೇದು ದಾಟಿದ್ರೆ ಬೊಜ್ಜು. ನಿಮ್ಮ ಹುಡುಗ ಎರಡಕ್ಕೂ ಮೂರಕ್ಕೂ ಮಧ್ಯೆ ಬರ್ತಾನೆ. ಡಾಕ್ಟರ್ ಹೇಳಿದ್ದು ಸರಿ ಇದೆ, ಹೆದರೋ ಮಟ್ಟಕ್ಕೇನೂ ಹೋಗಿಲ್ಲ.

ಕರಿಮೆಣಸು
ಆ ಚಾರ್ಟೆಲ್ಲ ಬಿಳಿಯರ ಮಕ್ಕಳಿಗೆ ಮಾಡಿದ್ದು. ನಮ್ಮವರ ಮೂಳೆ ಬೇರೆ, ಮೈಕಟ್ಟು ಬೇರೆ. ಅದನ್ನ ಇಲ್ಲಿ ತಂದು ಹಿಡಿದ್ರೆ ಹೇಗೆ?

ಮಡಿಕೇರಿ_ಸಿಸ್ಟರ್
ಅಳತೆ ತೆಗೆದ ಆರು ದೇಶಗಳಲ್ಲಿ ಭಾರತವೂ ಒಂದು. ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ, ಜೊತೆಗೆ ನಮ್ಮ ದೆಹಲಿಯ ಮಕ್ಕಳು. ಎದೆಹಾಲು, ಊಟ, ಆರೈಕೆ ಸರಿ ಇದ್ರೆ ಐದು ವರ್ಷದವರೆಗೆ ಯಾವ ದೇಶದ ಮಗುವಾದ್ರೂ ಹೆಚ್ಚುಕಮ್ಮಿ ಒಂದೇ ಥರ ಬೆಳೆಯುತ್ತೆ ಅಂತ ಅಲ್ಲೇ ಗೊತ್ತಾಗಿದ್ದು. ಮೈಕಟ್ಟಿನ ವಾದ ದೊಡ್ಡವರಾದ ಮೇಲೆ ಮಾಡೋಣ.

ಕರಿಮೆಣಸು
ಸರಿ ತಾಯಿ, ಒಪ್ಪಿದೆ. ಆದ್ರೂ ಮಗು ಓಡಾಡ್ಕೊಂಡು ಚುರುಕಾಗಿದ್ರೆ ಸಾಕು ಅನ್ನೋದು ನನ್ನ ಪಕ್ಷ.

ಶನಿವಾರಸಂತೆ_ಸೊಸೆ
ನನ್ನದು ಉಲ್ಟಾ ಕಥೆ. ಮಗಳಿಗೆ ಮೂರು ವರ್ಷ, 12 ಕೆಜಿ, 92 ಸೆಂ.ಮೀ. ಯಾವ ಮದುವೆ ಮನೆಗೆ ಹೋದ್ರೂ "ಮಗುಗೆ ಊಟ ಹಾಕಲ್ವಾ?" ಅಂತಾರೆ. ಮೊನ್ನೆ ಒಬ್ಬರು ಅವಳ ಕೈ ಹಿಡಿದು ಎಲ್ಲರ ಮುಂದೆ ಎತ್ತಿ ತೋರಿಸಿದ್ರು. ನನ್ನ ಕಣ್ಣಲ್ಲಿ ನೀರೇ ಬಂತು. ಆ ಹಟಕ್ಕೆ ದಿನಾ ಮೊಬೈಲ್ ಹಿಡಿದು ಒಂದೊಂದು ತುತ್ತು ತುರುಕ್ತಾ ಇದ್ದೆ, ಅವಳು ಕೆನ್ನೆಯೊಳಗೆ ಇಟ್ಕೊಂಡು ಕೂರೋದು, ಒಂದು ಊಟಕ್ಕೆ ಮುಕ್ಕಾಲು ಗಂಟೆ. ಇಬ್ಬರಿಗೂ ಊಟ ಅಂದ್ರೆ ಜಗಳ.

ಟೀಚರಮ್ಮ
ಶನಿವಾರಸಂತೆಯವರೇ, ಮಗುವಿನ ತೂಕ ಗುರುತು ಹಾಕೋ ತಾಯಿ ಕಾರ್ಡ್ ಇರುತ್ತಲ್ಲ, ಅದನ್ನ ತೆಗೆದು ನೋಡಿ. ಮೂರು ವರ್ಷದ ಹೆಣ್ಣು ಮಗುವಿಗೆ 12 ಕೆಜಿ ಹಸಿರು ಪಟ್ಟಿಯೊಳಗೇ ಬರುತ್ತೆ. ಎತ್ತರವೂ ಸರಿಯಾಗಿದೆ. ನಿಮ್ಮ ಮಗಳು ಸಣ್ಣಕ್ಕಿದ್ದಾಳೆ, ಸೊರಗಿಲ್ಲ. ಮದುವೆ ಮನೆಯವರ ಕೈಲಿ ಕಾರ್ಡ್ ಇಲ್ಲ.

ನಾನು ಅಂಗನವಾಡಿ ಟೀಚರ್, ಸೋಮವಾರಪೇಟೆ ಕಡೆ. ಪ್ರತಿ ತಿಂಗಳು ತೂಕ ಹಾಕ್ತೇವೆ. ಒಂದು ವಿಷ್ಯ ಹೇಳ್ಬೇಕು, ಹಸಿರು ಅಂದ ಕೂಡ್ಲೇ ಎಲ್ಲ ಸರಿ ಅಂತಲ್ಲ. ಕಾರ್ಡಿನ ಹಸಿರು, ಹಳದಿ, ಕೆಂಪು ವಯಸ್ಸಿಗೆ ತೂಕ ಕಡಿಮೆ ಇದೆಯಾ ಅಂತ ಹುಡುಕೋಕೆ ಮಾಡಿದ್ದು. ಅತಿಯಾದ್ರೆ ಅದು ಕೂಗಿ ಹೇಳಲ್ಲ. ಗೋಣಿಕೊಪ್ಪದ ಹುಡುಗನ್ನ ನಮ್ಮ ಕಾರ್ಡಿನಲ್ಲಿ ಹಾಕಿದ್ರೆ ಅವನೂ ಹಸಿರಲ್ಲೇ ಕೂರ್ತಾನೆ. ಅದಕ್ಕೇ ಈಗ ನಮಗೆ ಎತ್ತರ ಅಳೆಯೋ ಕೋಲು ಕೊಟ್ಟಿದ್ದಾರೆ, ಮೊಬೈಲಲ್ಲಿ ಎರಡನ್ನೂ ತುಂಬಬೇಕು.

ಇನ್ನೊಂದು. ಜುಲೈ ತಿಂಗಳು ಬಂದ್ರೆ ನಮ್ಮ ಮಕ್ಕಳೆಲ್ಲ ದಿಢೀರ್ ದಪ್ಪ. ಯಾಕಂದ್ರೆ ಎರಡು ಸ್ವೆಟರ್, ಕುಲಾವಿ, ಜಾಕೆಟ್ಟು, ಬೂಟು ಎಲ್ಲ ಸೇರಿ ತಕ್ಕಡಿ ಹತ್ತಿರ್ತಾವೆ. ಬಿಚ್ಚಿ ಅಂದ್ರೆ ತಾಯಂದಿರಿಗೆ ಕೋಪ, ಮಗು ಶೀತ ಆಗುತ್ತೆ ಅಂತ. ಬಿಚ್ಚದೆ ಹಾಕಿದ್ರೆ ಹಳದಿ ಮಗು ಹಸಿರಾಗುತ್ತೆ, ನಾನು ಮೇಲಿನವರಿಗೆ ಉತ್ತರ ಕೊಡ್ಬೇಕು.

ಮಳೆಹುಳ
ಹಾಹಾ ಕುಲಾವಿ ತೂಕ. ಭಾಗಮಂಡಲದ ಮಕ್ಕಳೆಲ್ಲ ದಢೂತಿಗಳೇ ಹಾಗಾದ್ರೆ.

ಲೈನ್‌ಮನೆ_ಮೇಷ್ಟ್ರು
ನಗಾಡ್ತಾ ಇದ್ದೀರಿ. ನೀವು ಬಿಸ್ಕೆಟ್ಟು ಜ್ಯೂಸಿನ ಚಿಂತೆ ಮಾಡ್ತಿರೋ ಊರಿನಲ್ಲೇ ಎರಡು ಫರ್ಲಾಂಗ್ ಆಚೆ ಎಸ್ಟೇಟ್ ಕೂಲಿಯವರ ಲೈನ್ ಮನೆಗಳಿವೆ. ಕಾಫಿ ಕುಯ್ಲು ಶುರುವಾದ್ರೆ ತಾಯಿ ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಹೋದವಳು ಸಂಜೆಗೆ ಬರೋದು. ಏಳು ವರ್ಷದ ಅಕ್ಕ ಎರಡು ವರ್ಷದ ತಮ್ಮನ್ನ ನೋಡ್ಕೋತಾಳೆ. ಅವನಿಗೆ ಮಧ್ಯಾಹ್ನದ ಊಟ ಅಂದ್ರೆ ಬೆಲ್ಲದ ಕಾಫಿ, ಅದಕ್ಕೆ ಅದ್ದಿದ ಬನ್ನು. ಹೊಟ್ಟೆ ತುಂಬಿದ ಹಾಗೆ ಕಾಣುತ್ತೆ, ಮಗು ಅಳಲ್ಲ. ಕೇಳಿದ್ರೆ "ಚೆನ್ನಾಗಿದ್ದಾನೆ ಸಾರ್, ಹಟ ಮಾಡಲ್ಲ" ಅಂತಾರೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ತೂಕ ಹೆಚ್ಚಿರೋರು ನೂರಕ್ಕೆ ಮೂರು. ಯಾವುದು ದೊಡ್ಡ ಸಮಸ್ಯೆ ಹೇಳಿ.

ಗೋಣಿಕೊಪ್ಪ_ಅಮ್ಮ
ಮೇಷ್ಟ್ರೇ, ನೀವು ಹೇಳೋದು ಸತ್ಯ. ಆದ್ರೆ ಆ ಮೂರರಲ್ಲಿ ಒಬ್ಬ ನಮ್ಮನೇಲಿ ಕೂತಿದ್ದಾನಲ್ಲ, ನಾನು ಅವನ ಬಗ್ಗೆ ಕೇಳ್ತಿರೋದು.

ಟೀಚರಮ್ಮ
ಮೇಷ್ಟ್ರು ಹೇಳಿದ್ದರಲ್ಲಿ ಒಂದು ತುಂಡು ಸೇರಿಸ್ತೇನೆ. ಲೈನ್ ಮನೆ ತಾಯಂದಿರಿಗೆ ಗೊತ್ತಿಲ್ಲ ಅಂತ ತಿಳ್ಕೋಬೇಡಿ. ಒಬ್ಬಳು ನನ್ನನ್ನೇ ಕೇಳಿದ್ಲು, "ಮಗು ಬಿಟ್ಟು ಹೋದ್ರೆ ಸೊರಗುತ್ತೆ, ಹೋಗದಿದ್ರೆ ಅಕ್ಕಿಯೇ ಇಲ್ಲ, ನೀವೇ ಹೇಳಿ ಟೀಚರ್" ಅಂತ. ನನ್ನ ಹತ್ರ ಉತ್ತರ ಇರಲಿಲ್ಲ. ಕುಯ್ಲಿನ ತಿಂಗಳಲ್ಲಿ ನಾವು ಹಾಲು ಮೊಟ್ಟೆ ಕೊಟ್ಟು ಸಂಜೆವರೆಗೆ ಉಳಿಸ್ಕೊಂಡ ಮಕ್ಕಳ ತೂಕ ಏರುತ್ತೆ, ಅದು ನನ್ನ ರಿಜಿಸ್ಟರಲ್ಲೇ ಕಾಣುತ್ತೆ.

ಹಾಕಿ_ಮಾಮ
ಎಂತ ಮಾರಾಯ್ರೆ ಇದು, ಗೆರೆ ಚಾರ್ಟು ಅಂತ. ನಾವು ಸಣ್ಣಕ್ಕಿರುವಾಗ ಬೆಳಿಗ್ಗೆ ಅಕ್ಕಿರೊಟ್ಟಿ ಬೆಣ್ಣೆ, ಮಧ್ಯಾಹ್ನ ಅನ್ನ, ರಾತ್ರಿ ಕಡಂಬುಟ್ಟು ಅಂದ್ರೆ ಅಕ್ಕಿ ಕಡುಬು, ಜೊತೆಗೆ ಹಂದಿ ಮಾಂಸದ ಪಂದಿಕರಿ. ಯಾವನಿಗೂ ಹೊಟ್ಟೆ ಬಂದಿಲ್ಲ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಮನೆತನಗಳ ಕುಟುಂಬ ಹಾಕಿ ಟೂರ್ನಮೆಂಟ್ ಶುರು ಮಾಡಿದಾಗ ಸ್ಟಿಕ್ ಹಿಡಿದು ಆಡಿದವ ನಾನು. ಮಕ್ಕಳನ್ನ ಮೈದಾನಕ್ಕೆ ಬಿಡಿ, ಎಲ್ಲ ಸರಿ ಹೋಗುತ್ತೆ.

ಪುತ್ತರಿ_ಹುಡುಗಿ
ಮಾಮ, ಈಗ ಟೂರ್ನಮೆಂಟಿಗೆ ಬಂದವರಲ್ಲಿ ಆಡೋರು ಹನ್ನೊಂದು, ಗ್ಯಾಲರಿಯಲ್ಲಿ ಚಿಕನ್ ಕಬಾಬ್ ತಿನ್ನೋರು ಸಾವಿರ. ಮಕ್ಕಳು ಯಾವ ಕಡೆ ಕೂತಿರ್ತಾರೆ ನೋಡಿದ್ದೀರಾ?

ಹಾಕಿ_ಮಾಮ
ಅದೂ ಸರಿ.

ಅರೆಭಾಷೆ_ಅಕ್ಕ
ಪಂದಿಗೆ ಬೈಯೋದು, ಬೆಣ್ಣೆಗೆ ಬೈಯೋದು ಬಿಡಿ. ನಮ್ಮ ಮನೇಲಿ ಮಾಂಸ ವಾರಕ್ಕೊಂದ್ಸಲ. ಮಗು ದಿನಕ್ಕೆ ಮೂರು ಸಲ ತಿನ್ನೋದು ಕ್ರೀಮ್ ಬಿಸ್ಕೆಟ್. ಯಾರು ಬಂದ್ರೂ ಕೈಯಲ್ಲಿ ಒಂದು ಪ್ಯಾಕೆಟ್. ಭಾವನವರು ಬಂದ್ರೆ ಹೋಂಮೇಡ್ ಚಾಕೊಲೇಟ್ ಡಬ್ಬ. ಟೂರಿಸ್ಟುಗಳಿಗೆ ಅಂತ ಮಡಿಕೇರಿಯಲ್ಲಿ ಮಾರೋದನ್ನ ನಮ್ಮ ಮಕ್ಕಳೇ ತಿಂದು ಮುಗಿಸ್ತಾ ಇದ್ದಾವೆ. ಮಾಲ್ಟ್ ಪುಡಿ ಹಾಕದೆ ಹಾಲು ಕುಡಿಯಲ್ಲ ಅಂತ ಎಷ್ಟು ತಾಯಂದಿರು! ಆ ಡಬ್ಬದ ಹಿಂದೆ ಸಕ್ಕರೆ ಎಷ್ಟು ಅಂತ ಓದಿದ್ದೀರಾ? 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಇಂಥವನ್ನ ಹೆಲ್ತ್ ಡ್ರಿಂಕ್ ಅನ್ನೋ ಹೆಸರಿನ ಕೆಳಗೆ ಮಾರಬೇಡಿ ಅಂತ ಹೇಳ್ತು. ನಮ್ಮತ್ತೆಗೆ ಮಾತ್ರ ಅದಿನ್ನೂ ಟಾನಿಕ್ಕೇ.

ಶನಿವಾರಸಂತೆ_ಸೊಸೆ
ಅಕ್ಕ, ನಾನು ಮಗಳಿಗೆ ತೂಕ ಬರ್ಲಿ ಅಂತ ಅದನ್ನೇ ಎರಡೆರಡು ಚಮಚ ಹಾಕ್ತಾ ಇದ್ದೆ. ಊಟಕ್ಕೆ ಮುಂಚೆ ಒಂದು ಲೋಟ. ಆಮೇಲೆ ಊಟ ಹೇಗೆ ಸೇರುತ್ತೆ ಹೇಳಿ!

ಮಡಿಕೇರಿ_ಸಿಸ್ಟರ್
ಇಬ್ಬರಿಗೂ ಒಂದೇ ಮದ್ದು, ನೋಡಿ ಬೇಕಾದ್ರೆ. ದಪ್ಪ ಮಗುವಿನ ಮನೇಲೂ ಸಣ್ಣ ಮಗುವಿನ ಮನೇಲೂ ತಪ್ಪು ನಡೆಯೋದು ಊಟಕ್ಕೂ ಊಟಕ್ಕೂ ಮಧ್ಯೆ. ಏನು ಕೊಡೋದು, ಯಾವಾಗ ಕೊಡೋದು ಅನ್ನೋದನ್ನ ದೊಡ್ಡವರು ತೀರ್ಮಾನಿಸಿ. ಎಷ್ಟು ತಿನ್ನೋದು ಅನ್ನೋದನ್ನ ಮಗುವಿಗೆ ಬಿಡಿ. "ಸಾಕು" ಅಂದ್ರೆ ಸಾಕು. ತಟ್ಟೆ ಖಾಲಿ ಮಾಡು ಅಂತ ದಿನಾ ಹೇಳಿದ್ರೆ ಹೊಟ್ಟೆ ತುಂಬಿದ್ದು ಮಗುವಿಗೇ ಗೊತ್ತಾಗೋದು ನಿಂತುಹೋಗುತ್ತೆ.

ಗೋಣಿಕೊಪ್ಪದವರೇ, ನಿಮ್ಮ ಮಗನಿಗೆ ಡಯಟ್ ಮಾಡಿಸೋಕೆ ಹೋಗ್ಬೇಡಿ. ಈ ವಯಸ್ಸಲ್ಲಿ ತೂಕ ಇಳಿಸೋದಲ್ಲ, ಏರೋ ವೇಗ ತಗ್ಗಿಸಿದ್ರೆ ಸಾಕು. ಮಗು ಎತ್ತರ ಬೆಳೀತಾ ಇರುತ್ತಲ್ಲ, ಒಂದೆರಡು ವರ್ಷದಲ್ಲಿ ಗೆರೆಯೊಳಗೆ ತಾನೇ ಬರುತ್ತೆ. ಜ್ಯೂಸ್, ಬಿಸ್ಕೆಟ್, ಮಾಲ್ಟು ತೆಗೀರಿ. ರೊಟ್ಟಿ, ನೂಪುಟ್ಟು, ಮೊಟ್ಟೆ, ಮೀನು, ಸೊಪ್ಪು ಏನೂ ತೆಗೀಬೇಡಿ. ಮೂರು ತಿಂಗಳು ಬಿಟ್ಟು ತೂಕ, ಎತ್ತರ ಎರಡೂ ನೋಡಿ. ವಾರ ವಾರ ತಕ್ಕಡಿ ಹತ್ತಿಸ್ಬೇಡಿ.

ಕುಶಾಲನಗರ_ಗಂಡ
ಸಿಸ್ಟರ್ ಬರೆದಿದ್ದನ್ನ ಪ್ರಿಂಟ್ ತೆಗೆದು ಫ್ರಿಜ್ಜಿಗೆ ಅಂಟಿಸ್ತೇನೆ. ಆದ್ರೆ ಅಜ್ಜಿಗೆ ಯಾರು ಹೇಳೋದು? ನಾವು ಇಬ್ಬರೂ ಕೆಲಸಕ್ಕೆ ಹೋಗ್ತೇವೆ, ಇಡೀ ದಿನ ಮಗು ಅಜ್ಜಿ ಹತ್ರ. ಅಜ್ಜಿಗೆ ಮಗು ತಿಂದ್ರೆ ಪ್ರೀತಿ ಕೊಟ್ಟ ಲೆಕ್ಕ. "ಬೇಡ" ಅಂದ್ರೆ ತನ್ನನ್ನೇ ಬೇಡ ಅಂದ ಹಾಗೆ ತಗೋತಾರೆ.

ಅರೆಭಾಷೆ_ಅಕ್ಕ
ಅಜ್ಜಿಗೆ ಬಿಸ್ಕೆಟ್ ಕೊಡ್ಬೇಡಿ ಅನ್ಬೇಡಿ. "ಅವ್ವ, ನಿಮ್ಮ ಕೈಯ ಪಾಪುಟ್ಟು ತಿನ್ನದೆ ಮಗು ಬಿಸ್ಕೆಟ್ ಕೇಳ್ತಾ ಇದೆ" ಅನ್ನಿ. ಮರುದಿನದಿಂದ ಪ್ಯಾಕೆಟ್ಟೇ ಮನೆಗೆ ಬರಲ್ಲ. ನನ್ನ ಅನುಭವ.

ಕುಶಾಲನಗರ_ಗಂಡ
ಅಕ್ಕ ನಿಮ್ಮ ಕಾಲಿಗೆ ಬಿದ್ದೆ 🙏

ಮಳೆಹುಳ
ಎಲ್ಲ ಸರಿ, ಆಟ ಆಡೋದು ಎಲ್ಲಿ? ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಕ್ಕಳು ಅಂಗಳಕ್ಕೆ ಇಳಿಯೋಕಾಗಲ್ಲ. ಡಿಸಿ ಮಳೆ ರಜೆ ಕೊಟ್ಟ ದಿನ ಬೆಳಿಗ್ಗೆಯಿಂದ ರಾತ್ರಿವರೆಗೆ ಮೊಬೈಲು, ಕರೆಂಟು ಹೋದ್ರೆ ಹಲಸಿನ ಹಪ್ಪಳ. ನನ್ನ ಇಬ್ಬರೂ ಮಳೆಗಾಲ ಮುಗಿಯುವಾಗ ಉಬ್ಬಿಕೊಂಡು ಇರ್ತಾರೆ.

ಮಡಿಕೇರಿ_ಸಿಸ್ಟರ್
ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕಡಿಮೆ ಅಂದ್ರೂ ಮೂರು ಗಂಟೆ ಮೈ ಆಡಿಸ್ಬೇಕು, ಸ್ಕ್ರೀನ್ ಒಂದು ಗಂಟೆ ಮೀರಬಾರದು, ನಿದ್ದೆ 10ರಿಂದ 13 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು. ನಿದ್ದೆ ಕಡಿಮೆಯಾಗೋ ಮಕ್ಕಳಲ್ಲೂ ತೂಕ ಹೆಚ್ಚು ಕಾಣುತ್ತೆ, ಅದನ್ನ ಯಾರೂ ಗಮನಿಸಲ್ಲ.

ಮಳೆಹುಳ
ಮೂರು ಗಂಟೆ! ಅದನ್ನ ಬರೆದವರು ಆಗಸ್ಟಲ್ಲಿ ತಲಕಾವೇರಿಗೆ ಬರ್ಲಿ.

ಪುತ್ತರಿ_ಹುಡುಗಿ
ಒಂದೇ ಸಲಕ್ಕೆ ಮೂರು ಗಂಟೆ ಅಲ್ಲ ಅಲ್ವಾ. ನಮ್ಮ ಅಣ್ಣನ ಮಕ್ಕಳು ಮಳೆಗಾಲದಲ್ಲಿ ಖಾಲಿ ಇರೋ ಕಾಫಿ ಗೋಡೌನ್‌ನಲ್ಲಿ ಸೈಕಲ್ ಓಡಿಸ್ತಾವೆ. ಜಗಲಿಯಲ್ಲಿ ಓಡೋದು, ಮೆಟ್ಟಿಲು ಹತ್ತಿ ಇಳಿಯೋದು, ಗಂಬೂಟ್ ಹಾಕಿಸಿ ಕೊಡೆ ಹಿಡಿದು ಗೇಟಿನವರೆಗೆ ಹೋಗಿ ಬರೋದು. ಸ್ವಲ್ಪ ಜಿಗಣೆ ಹತ್ತುತ್ತೆ. ಉಪ್ಪು ಹಾಕಿದ್ರೆ ಬೀಳುತ್ತೆ.

ಸಿದ್ದಾಪುರ_ಆನೆಕಾಡು
ನಿಮಗೆ ಜಿಗಣೆ, ನಮಗೆ ಆನೆ. ನಾನು ನಾಲ್ಕು ಕಿಲೋಮೀಟರ್ ನಡೆದು ಶಾಲೆಗೆ ಹೋದವ. ನನ್ನ ಮಗಳನ್ನ ಇನ್ನೂರು ಮೀಟರ್ ನಡೆಸೋ ಧೈರ್ಯ ನನಗಿಲ್ಲ. ಬೆಳಿಗ್ಗೆ ವಾಟ್ಸಾಪಲ್ಲಿ "ಆನೆ ರಸ್ತೆಯಲ್ಲಿದೆ" ಅಂತ ಮೆಸೇಜ್ ಬಂದ್ರೆ ಜೀಪು ಬಿಟ್ಟು ಬೇರೆ ದಾರಿ ಇಲ್ಲ. ಸಂಜೆ ನಾಲ್ಕೂವರೆ ಆದ್ಮೇಲೆ ಮಕ್ಕಳನ್ನ ಅಂಗಳಕ್ಕೂ ಬಿಡಲ್ಲ. ಹಲಸು ಹಣ್ಣಾಗೋ ತಿಂಗಳಲ್ಲಂತೂ ಮನೆ ಬಾಗಿಲಿಗೇ ಬರ್ತಾವೆ. ಪೇಟೆಯವರು "ಮಕ್ಕಳನ್ನ ಹೊರಗೆ ಬಿಡಿ" ಅನ್ನುವಾಗ ನಗು ಬರುತ್ತೆ.

ಕರಿಮೆಣಸು
ಇದಕ್ಕೆ ಯಾವ ಚಾರ್ಟಲ್ಲೂ ಗೆರೆ ಇಲ್ಲ. ಮಾಲ್ದಾರೆ ಕಡೆಯೂ ಇದೇ ಗೋಳು.

ಹಾಕಿ_ಮಾಮ
ಹಾಗಾದ್ರೆ ಭಾನುವಾರ ನಾಲ್ಕು ಮನೆ ಮಕ್ಕಳನ್ನ ಸೇರಿಸಿ ಒಂದು ಪಿಕಪ್‌ನಲ್ಲಿ ಶಾಲೆ ಮೈದಾನಕ್ಕೆ ಕರ್ಕೊಂಡು ಬನ್ನಿ. ನಾನೇ ನಿಂತು ಆಡಿಸ್ತೇನೆ. ಹಾಕಿ ಎಲ್ಲ ಬೇಡ, ಸಣ್ಣವಕ್ಕೆ ಸುಮ್ನೆ ಚೆಂಡಿನ ಹಿಂದೆ ಓಡೋಕೆ ಬಿಡೋದು.

ಸಿದ್ದಾಪುರ_ಆನೆಕಾಡು
ಇದು ಮಾತು. ಮೆಸೇಜ್ ಮಾಡ್ತೇನೆ ಮಾಮ.

ವಿರಾಜಪೇಟೆ_ಮಿಸ್
ಒಂದನೇ ಕ್ಲಾಸಿನ ಟೀಚರ್ ಆಗಿ ಹೇಳ್ತೇನೆ. ದಯವಿಟ್ಟು ಮಕ್ಕಳ ಮುಂದೆ "ಡುಮ್ಮ", "ಗುಂಡ", "ಕಡ್ಡಿ" ಅನ್ಬೇಡಿ. ಮುದ್ದಿಗೆ ಅಂತೀರಿ, ಅದು ಕ್ಲಾಸಿಗೆ ಬರುತ್ತೆ. ನನ್ನ ಕ್ಲಾಸಲ್ಲಿ ಆರು ವರ್ಷದ ಒಂದು ಹುಡುಗಿ ಟಿಫಿನ್ ಡಬ್ಬ ತೆಗೆಯೋದೇ ನಿಲ್ಲಿಸಿದ್ಲು. ಯಾಕಮ್ಮ ಅಂದ್ರೆ, "ಚಿಕ್ಕಪ್ಪ ನನ್ನನ್ನ ಎಮ್ಮೆ ಅಂತಾರೆ" ಅಂದ್ಲು. ಅದೇ ಮೈಕಟ್ಟಿನ ಹುಡುಗ ಇದ್ದಿದ್ರೆ "ಪೈಲ್ವಾನ್" ಅಂತಿದ್ರು. ಹುಡುಗನಿಗೆ ಇನ್ನೊಂದು ರೊಟ್ಟಿ, ಹುಡುಗಿಗೆ "ಕರಗಿಸು". ಇದನ್ನ ನಾನು ಪ್ರತಿ ವರ್ಷ ನೋಡ್ತೇನೆ.

ಗೋಣಿಕೊಪ್ಪ_ಅಮ್ಮ
ಮಿಸ್ ಹೇಳಿದ ಮೇಲೆ ಯೋಚಿಸಿದೆ. ನಮ್ಮನೇಲಿ ಅವನ ಹೆಸರೇ ಗುಂಡ. ಅಪ್ಪ ಅಮ್ಮ ಎಲ್ಲ ಹಾಗೇ ಕರೆಯೋದು. ಈಗ ಬದಲಾಯಿಸೋದು ಕಷ್ಟ ಇದೆ, ನೋಡ್ತೇನೆ. ಜ್ಯೂಸ್ ಪ್ಯಾಕೆಟ್ ತರೋದು ನಿಲ್ಲಿಸಿದ್ದೇವೆ. ಗಂಡ ಬಾಯ್ಬಿಟ್ಟು ಒಪ್ಪಿಲ್ಲ, ಆದ್ರೆ ನಿನ್ನೆ ಅಂಗಡಿಯಿಂದ ಕ್ರೀಮ್ ಬಿಸ್ಕೆಟ್ ಬದಲು ನೇಂದ್ರ ಬಾಳೆಹಣ್ಣು ತಂದ್ರು.

ಒಂದು ಕೇಳ್ಬೇಕು ಸಿಸ್ಟರ್, ಅವನು ದಿನಾ ಬೆಳಿಗ್ಗೆ ಅಜ್ಜನ ಜೊತೆ ಅರ್ಧ ಲೋಟ ಕಾಫಿ ಕುಡೀತಾನೆ. ನಿಲ್ಲಿಸ್ಬೇಕಾ?

ಕರಿಮೆಣಸು
ಕೊಡಗಿನಲ್ಲಿ ಹುಟ್ಟಿ ಕಾಫಿ ನಿಲ್ಲಿಸೋದಾ? ದೇಶದ್ರೋಹ.

ಮಡಿಕೇರಿ_ಸಿಸ್ಟರ್
ನಿಲ್ಲಿಸಿ. ನಾಲ್ಕು ವರ್ಷದ ಮಗುವಿಗೆ ಕಾಫಿ ಟೀ ಬೇಡವೇ ಬೇಡ. ಊಟ ತಿಂಡಿ ಜೊತೆ ಕುಡಿದ್ರೆ ಊಟದ ಕಬ್ಬಿಣದ ಅಂಶ ಮೈಗೆ ಹತ್ತಲ್ಲ. ಮೇಷ್ಟ್ರು ಹೇಳಿದ ಅದೇ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ. ದುಂಡಗಿರೋ ಮಗುವಿಗೂ ರಕ್ತ ಕಡಿಮೆ ಇರಬಹುದು, ಕೆನ್ನೆ ನೋಡಿ ಗೊತ್ತಾಗಲ್ಲ. ಅಜ್ಜನ ಲೋಟದ ಪಕ್ಕ ಇವನಿಗೊಂದು ಲೋಟ ಬರೀ ಹಾಲು ಇಡಿ.

ಕರಿಮೆಣಸು
ತೋಟ ಇಟ್ಕೊಂಡವನಾಗಿ ಇದಕ್ಕೆ ಮಾತ್ರ ತಲೆ ಬಾಗಿಸ್ತೇನೆ. ಎಲೆ ಹಸಿರಾಗಿದೆ ಅಂತ ಬೇರು ನೋಡದೆ ಬಿಟ್ಟ ಮೆಣಸಿನ ಬಳ್ಳಿಗಳು ಎಷ್ಟು ಹೋಗಿವೆ ನಮ್ಮಲ್ಲಿ.

ಸುಂಟಿಕೊಪ್ಪ_ಅಪ್ಪ
ಕಾಫಿ ಮಾತು ಬಂತಲ್ಲ, ಈ ಸಲ ರೋಬಸ್ಟಾ ಚೆರಿ ಚೀಲಕ್ಕೆ ಎಷ್ಟು ಕೊಟ್ಟಿರಿ?

ಕರಿಮೆಣಸು
ಅದಕ್ಕೆ ಬೇರೆ ಚರ್ಚೆ ಇದೆ, ಅಲ್ಲಿ ಬನ್ನಿ. ಇಲ್ಲಿ ಹೇಳಿದ್ರೆ ಸಾಲ ಕೇಳೋರು ಬರ್ತಾರೆ.

ನಾಪೋಕ್ಲು_ಹೊಸಅಮ್ಮ
ನನ್ನದು ಐದು ತಿಂಗಳ ಕುಂಞಿ. ತೂಕ ಸಾಲದು ಅಂತ ಅಜ್ಜಿ ದಿನಾ ಜೇನು ನೆಕ್ಕಿಸ್ತಾ ಇದ್ದಾರೆ. ನಮ್ಮದೇ ತೋಟದ ಜೇನು, ಕಲಬೆರಕೆ ಇಲ್ಲ. ಪರವಾಗಿಲ್ಲ ಅಲ್ವಾ?

ಮಡಿಕೇರಿ_ಸಿಸ್ಟರ್
ಬೇಡಮ್ಮ, ಇವತ್ತೇ ನಿಲ್ಲಿಸಿ. ವರ್ಷ ತುಂಬೋವರೆಗೆ ಜೇನು ಕೊಡಲೇಬಾರದು. ಎಷ್ಟು ಶುದ್ಧ ಜೇನಾದ್ರೂ ಅದರಲ್ಲಿ ಇರಬಹುದಾದ ಬೊಟುಲಿಸಮ್ ರೋಗಾಣು ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡುತ್ತೆ. ಅಪರೂಪ, ಆದ್ರೆ ಬಂದ್ರೆ ಕೈಕಾಲು ಸೋತು ಉಸಿರಾಟಕ್ಕೇ ತೊಂದರೆ. ಆರು ತಿಂಗಳವರೆಗೆ ಎದೆಹಾಲು ಸಾಕು. ಹುಟ್ಟಿದಾಗಿನ ತೂಕ ಐದಾರು ತಿಂಗಳಿಗೆ ಎರಡರಷ್ಟು ಆಗಿದೆಯಾ ನೋಡಿ, ಆಗಿದ್ರೆ ಅಜ್ಜಿಗೆ ಅದನ್ನೇ ತೋರಿಸಿ.

ನಾಪೋಕ್ಲು_ಹೊಸಅಮ್ಮ
ಹುಟ್ಟಿದಾಗ 2.9, ಈಗ 6.1. ಎರಡರಷ್ಟಕ್ಕಿಂತ ಮೇಲೇ ಇದೆ! ಥ್ಯಾಂಕ್ಸ್ ಸಿಸ್ಟರ್. ಜೇನಿನ ಬಾಟ್ಲಿ ಅಟ್ಟಕ್ಕೆ ಹೋಯ್ತು.

ಹಾಕಿ_ಮಾಮ
ಅಟ್ಟಕ್ಕೆ ಯಾಕೆ, ನಮ್ಮನೆಗೆ ಕಳಿಸಿ.

ಮಳೆಹುಳ
ಕಕ್ಕಡ 18, ಅದೇ ನಮ್ಮ ಕೊಡಗಿನಲ್ಲಿ ಮದ್ದು ಸೊಪ್ಪು ತಿನ್ನೋ ದಿನ, ಬರ್ತಾ ಇದೆ. ಎರಡೂವರೆ ವರ್ಷದವನಿಗೆ ಮದ್ದು ಸೊಪ್ಪಿನ ಪಾಯಸ ಕೊಡಬಹುದಾ? ಕಳೆದ ಸಲ ದೊಡ್ಡವನು ತಿಂದು ಮರುದಿನ ಮೂತ್ರ ಕೆಂಪಾಗಿ ಹೆಂಡತಿ ಕಿರುಚಿಕೊಂಡಿದ್ಲು, ಅವಳು ಮೈಸೂರಿನವಳು.

ಅರೆಭಾಷೆ_ಅಕ್ಕ
ಎರಡು ಚಮಚ ರುಚಿಗೆ ಕೊಡಿ. ಸೊಪ್ಪಿನ ಬಣ್ಣಕ್ಕೇ ಮೂತ್ರ ಕೆಂಪಾಗೋದು ಅಂತ ಹೆಂಡತಿಗೆ ಮೊದ್ಲೇ ಹೇಳಿಡಿ. ಬೆಲ್ಲ ಮಾತ್ರ ಕೈ ಬಿಗಿ ಹಿಡಿದು ಹಾಕಿ.

ಕರಿಮೆಣಸು
ಬೆಲ್ಲ ಇಲ್ಲದ ಮದ್ದು ಪಾಯಸವಾ? ಈ ಚರ್ಚೆ ಈಗ ಅತಿಯಾಯ್ತು.